ನೆಲ ಮುಟ್ಟುವವರೆಗೆ

ಹೆಡ್ಲಿ ಆಕ್ರಾಯ್ಡನ ಶವಪೆಟ್ಟಿಗೆಯನ್ನು ಮೈದಾನದೊಳಗೆ ಬಿಡುತ್ತೇವೆಂದು ಬುಧವಾರ ಕೊಟ್ಟ ಮಾತನ್ನು ಫುಟ್‌ಬಾಲ್ ಅಕಾಡೆಮಿಯವರು ಶುಕ್ರವಾರ ಹಿಂದಕ್ಕೆ ತೆಗೆದುಕೊಂಡರು. ಮನೆಯವರಿಗೆ ತಿಳಿಸಲಿಲ್ಲ. ಸೋಮವಾರ ಬೆಳಿಗ್ಗೆ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿದು, ಹೆಣದ ಕಾರು ಬೇಯ್ಲಿ ಲೇನ್ ಮೈದಾನದ ಗೇಟಿಗೆ ಬಂದಾಗ ಕಾವಲಿನವನು ಕೈ ಅಡ್ಡ ಹಿಡಿದ.

"ಟೀವಿಯವರ ಗಾಡಿ ಮಾತ್ರ ಒಳಗೆ."

ಹಿಂದಿನ ಕಾರಿನಿಂದ ಕ್ಲಿಫ್ ಬಾಟಮ್ಲಿ ಸೊಂಟ ಹಿಡಿದುಕೊಂಡು ಇಳಿದ. ಹೆಡ್ಲಿಯ ಜೊತೆ ಹತ್ತು ವರ್ಷ ಆಡಿದವನು, ನಲವತ್ತು ವರ್ಷ ಕುಡಿದವನು.

"ಇದೂ ಗಾಡೀನೇ ಕಣಯ್ಯ. ಒಳಗಿರೋನು ಟೀವೀಲಿ ಬರಲ್ಲ, ಅಷ್ಟೇ ವ್ಯತ್ಯಾಸ."

ಕಾವಲಿನವನು ನಗಲಿಲ್ಲ. ಫೋನು ತೆಗೆದು ಯಾರಿಗೋ ಹೇಳಿದ. ಫೆಬ್ರವರಿಯ ಗಾಳಿ ಗುಡ್ಡದಿಂದ ನೇರವಾಗಿ ಇಳಿದು ಬರುತ್ತಿತ್ತು. ಕಾರಿನೊಳಗೆ ಹೆಡ್ಲಿಯ ಹೆಂಡತಿ ಥೆಲ್ಮಾ ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು.

"ಜನೀನ್, ಹೇಳಿದ್ದೀನಿ ಅಂದ್ಯಲ್ಲೇ?"

"ಹೇಳಿದ್ದೆ ಅಮ್ಮ. ಪ್ರೆಂಟಿಸ್ ಅವರೇ ಒಪ್ಪಿಕೊಂಡಿದ್ರು."

ಜನೀನ್ ಈ ಗೇಟಿನೊಳಗೇ ಕೆಲಸ ಮಾಡುವವಳು. ಅಕಾಡೆಮಿಯ ಅಡುಗೆಮನೆಯಲ್ಲಿ, ಹದಿನೆಂಟು ತುಂಬದ ಫುಟ್‌ಬಾಲ್ ಹುಡುಗರಿಗೆ ಮೀನು ಬೇಯಿಸಿ ಬಡಿಸುವ ಕೆಲಸ. ಅವಳ ಮನೆಯ ಬಾಡಿಗೆ, ಥೆಲ್ಮಾಳ ಒಲೆಯ ಗ್ಯಾಸು, ಎರಡೂ ಅದರಿಂದಲೇ.

ಈ ಕಾಲ್ಡ್‌ಶಾ ಊರಿನಲ್ಲಿ ರಗ್ಬಿ ಲೀಗ್ ಆಡಿದವನು ಸತ್ತರೆ, ಸುಡುವ ಮುಂಚೆ ಮೈದಾನಕ್ಕೆ ತರುತ್ತಾರೆ. ಎರಡು ಕಂಬಗಳ ನಡುವೆ, ಗೆರೆಯಾಚೆ, ಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಇಳಿಸುತ್ತಾರೆ. ಕೊನೇ ಟ್ರೈ ಎನ್ನುತ್ತಾರೆ. ರಗ್ಬಿಯಲ್ಲಿ ಟ್ರೈ ಗಳಿಸಿ ಅಂಕ ಪಡೆಯಲು ಚೆಂಡು ಹೊತ್ತು ಗೆರೆ ದಾಟಿದರೆ ಸಾಲದು, ಕೈಯಿಂದ ಒತ್ತಿ ನೆಲ ಮುಟ್ಟಿಸಬೇಕು. ಮುಟ್ಟದ್ದು ಲೆಕ್ಕಕ್ಕಿಲ್ಲ. ಸತ್ತವನಿಗೂ ಅದೇ ನಿಯಮ.

*

ಹೆಡ್ಲಿ ಬಣ್ಣದ ಕಾರ್ಖಾನೆಯಲ್ಲಿ ಉಣ್ಣೆಗೆ ಬಣ್ಣ ಹಾಕುತ್ತಿದ್ದ. ವಾರವಿಡೀ ಯಾವ ಬಣ್ಣ ನಡೆಯುತ್ತಿತ್ತೋ ಅದೇ ಬಣ್ಣದ ಉಗುರು. ಥೆಲ್ಮಾ ಮೊದಲ ಸಲ ಕುಣಿತಕ್ಕೆ ಕೈ ಕೊಟ್ಟಾಗ ಅವನ ಕೈ ಮೊಣಕೈವರೆಗೆ ಹಸಿರು. "ಕಾಯಿಲೆಯಾ?" ಎಂದು ಕೇಳಿದ್ದಳು. "ಇಲ್ಲ, ಸೈನ್ಯದವರ ಕೋಟು," ಎಂದಿದ್ದ.

ಅವನು ಎರಡನೇ ತಂಡದ ಆಟಗಾರ. ಮೊದಲ ತಂಡದವನೊಬ್ಬನಿಗೆ ಜ್ವರ ಬಂದದ್ದರಿಂದ ಒಂದೇ ಒಂದು ಕಪ್ ಪಂದ್ಯಕ್ಕೆ ಕರೆ ಬಂತು. ಕಾರ್ಖಾನೆಯಿಂದ ನೇರ ಬಂದು ಆಡಿದ. ಊರಿಗೆ ಊರೇ ಬೇಯ್ಲಿ ಲೇನಿನಲ್ಲಿ ನಿಂತಿತ್ತು. ಹೊಗೆಯಲ್ಲಿ ಆಚೆ ಬದಿಯವರ ಮುಖ ಕಾಣುತ್ತಿರಲಿಲ್ಲ, ಟೋಪಿಗಳು ಮಾತ್ರ. ಆಟ ಮುಗಿಯುವ ಹೊತ್ತಿಗೆ ಹೆಡ್ಲಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ಮೂವರನ್ನು ಮೈಮೇಲೆ ಎಳೆದುಕೊಂಡು, ಗೆರೆ ದಾಟಿ ಬಿದ್ದ. ಬಿದ್ದದ್ದು ಎದುರಾಳಿಯೊಬ್ಬನ ಎದೆಯ ಮೇಲೆ. ಚೆಂಡಿಗೂ ಕೆಸರಿಗೂ ನಡುವೆ ಒಂದು ಇಂಚು. ಅವನು ಒತ್ತಿದ, ಕೆಳಗಿದ್ದವನು ಎತ್ತಿಹಿಡಿದ. ಟ್ರೈ ಇಲ್ಲವೆಂದು ರೆಫರಿ ಕೈ ಅಲ್ಲಾಡಿಸಿದ.

ಅವತ್ತಿನಿಂದ ಊರಿಗೆ ಅವನು ಇಂಚು ಹೆಡ್ಲಿ. ಚಿಪ್ಸ್ ಅಂಗಡಿಯಲ್ಲಿ ಮೀನು ಚಿಕ್ಕದಾಗಿದ್ದರೆ, "ಒಂದಿಂಚು ಕಮ್ಮಿ, ಹೆಡ್ಲಿಗೆ ಕೊಡಿ," ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ರಾತ್ರಿ ನಿದ್ದೆಯಲ್ಲಿ ಅವನ ಅಂಗೈ ಹಾಸಿಗೆಯನ್ನು ಒತ್ತುತ್ತಿದ್ದದ್ದು ಥೆಲ್ಮಾಗೆ ಮಾತ್ರ ಗೊತ್ತು.

*

ಪ್ರೆಂಟಿಸ್ ಬಂದರು. ಅಕಾಡೆಮಿಯ ವ್ಯವಸ್ಥಾಪಕರು, ಮೂವತ್ತೈದರ ಆಸುಪಾಸು, ಎದೆಯ ಮೇಲೆ ನಗರದ ಫುಟ್‌ಬಾಲ್ ಕ್ಲಬ್ಬಿನ ಗುರುತಿನ ಕೋಟು.

"ಮಿಸೆಸ್ ಆಕ್ರಾಯ್ಡ್, ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ. ಇವತ್ತು ಮಧ್ಯಾಹ್ನ ನಮ್ಮ ಹುಡುಗರ ಪಂದ್ಯ ನೇರ ಪ್ರಸಾರ ಇದೆ. ನನ್ನ ಕೈಯಲ್ಲಿ ಏನೂ ಇಲ್ಲ."

"ನಿನ್ನ ಕೈಯಲ್ಲಿ ಇದ್ದಾಗ್ಲೇ ಅಲ್ವಾ ಹೂಂ ಅಂದಿದ್ದು?" ಎಂದಳು ಥೆಲ್ಮಾ.

"ಶುಕ್ರವಾರ ಮೇಲಿನವರು ತೀರ್ಮಾನ ಬದಲಾಯಿಸಿದ್ರು."

ಜನೀನ್ ಅವರ ಮುಖ ನೋಡಿದಳು. "ಶುಕ್ರವಾರ ನನ್ನ ಕೈಯಲ್ಲೇ ಸೂಪ್ ಹಾಕಿಸಿಕೊಂಡ್ರಲ್ಲ ಸಾರ್. ಇನ್ನೊಂದು ಸೌಟು ಹಾಕು ಅಂದ್ರಿ. ಆಗ ಹೇಳಬಹುದಿತ್ತು."

ಪ್ರೆಂಟಿಸ್ ಕೆಂಪಾದರು. ಕೆಟ್ಟ ಮನುಷ್ಯರಲ್ಲ. ಕೊನೆಗೆ ಒಂದು ದಾರಿ ಹೇಳಿದರು: ಕಾರು ಹೊರಗೇ ಇರಲಿ. ಹೊತ್ತುಕೊಂಡು ಒಳಗೆ ಬನ್ನಿ. ಒಂದು ನಿಮಿಷ ಎಲ್ಲರೂ ಮೌನವಾಗಿ ನಿಲ್ಲೋಣ, ನಮ್ಮ ಹುಡುಗರೂ ನಿಲ್ಲುತ್ತಾರೆ. ಆದರೆ ಪೆಟ್ಟಿಗೆ ಹುಲ್ಲಿಗೆ ತಾಗಬಾರದು. ಹುಲ್ಲಿನ ಕೆಳಗೆ ಬಿಸಿನೀರಿನ ಕೊಳವೆಗಳಿವೆ, ಭಾರ ಬಿದ್ದರೆ ಗುಳಿ ಬೀಳುತ್ತದೆ, ಕ್ಯಾಮೆರಾಗೆ ಕಾಣುತ್ತದೆ.

"ಅಂದ್ರೆ ಎತ್ತಿ ಹಿಡ್ಕೊಂಡೇ ಇರಬೇಕಾ?" ಕ್ಲಿಫ್ ಕೇಳಿದ.

"ಹೌದು. ಎತ್ತಿ ಹಿಡ್ಕೊಂಡೇ."

ಕ್ಲಿಫ್ ಥೆಲ್ಮಾಳ ಕಡೆ ತಿರುಗಿದ. ನಗಬೇಕೆಂದು ಬಾಯಿ ತೆರೆದವನು ನಗಲಿಲ್ಲ. "ಮತ್ತೆ ಒಂದಿಂಚು," ಎಂದ.

*

ಕಾರ್ಖಾನೆ ಮುಚ್ಚಿದ ಮೇಲೆ ಹೆಡ್ಲಿ ಬೇಯ್ಲಿ ಲೇನಿನ ಗೆರೆಗಳಿಗೆ ಸುಣ್ಣ ಹಾಕುತ್ತಿದ್ದ. ಸಂಬಳವಿಲ್ಲ, ತಿನ್ನಲು ಒಂದು ಮಾಂಸದ ಪೈ, ಕುಡಿಯಲು ಒಂದು ಬಿಯರು. ಸುಣ್ಣದ ತಳ್ಳುಗಾಡಿ ಹಿಡಿದು ಚಾಪೆಲ್‌ನ ಶಿಖರ ನೋಡುತ್ತ ನಡೆಯುತ್ತಿದ್ದ. ಶಿಖರ ಕಾರ್ಖಾನೆಯ ಚಿಮಣಿಯ ಹಿಂದೆ ಮರೆಯಾಗುವ ಜಾಗಕ್ಕೆ ಸರಿಯಾಗಿ ಟ್ರೈ ಗೆರೆ. ಹಗ್ಗ ಹಿಡಿಯುತ್ತಿದ್ದವಳು ಥೆಲ್ಮಾ.

ಬರಬರುತ್ತ ನೋಡುವವರು ಕಡಿಮೆಯಾದರು. ಪಬ್ಬಿನ ಗೋಡೆಗೆ ದೊಡ್ಡ ಟೀವಿ ಬಂತು, ಅದರಲ್ಲಿ ಫುಟ್‌ಬಾಲ್ ಬಂತು, ವಾರಕ್ಕೆ ಒಂದು ದಿನ, ಆಮೇಲೆ ಪ್ರತಿದಿನ. ಟೀವಿಯವರು ಫುಟ್‌ಬಾಲಿನವರ ಮನೆಗೆ ದುಡ್ಡನ್ನು ಹೊಳೆಯ ಹಾಗೆ ಹರಿಸಿದರು. ರಗ್ಬಿಗೂ ಕೊಟ್ಟರು, ಕೊಡಲಿಲ್ಲವೆಂದಲ್ಲ. ಪಂಕ್ತಿಯ ಕೊನೆಯವನಿಗೆ ಬರುವ ಹೊತ್ತಿಗೆ ಪಾತ್ರೆಯ ತಳ ಕೆರೆಯುವ ಸದ್ದು ಬರುತ್ತದಲ್ಲ, ಹಾಗೆ. ಆಮೇಲೆ ಅದನ್ನೂ ಕಡಿಮೆ ಮಾಡಿದರು. ಟೀವಿಗೆ ಅನುಕೂಲವೆಂದು ಚಳಿಗಾಲದ ಆಟವನ್ನು ಬೇಸಿಗೆಗೆ ತಂದರು, ಭಾನುವಾರದ ಆಟವನ್ನು ಗುರುವಾರಕ್ಕೆ ತಂದರು. ಗುರುವಾರ ಪಾಳಿ ಮುಗಿಸಿ ಬರುವವರು ಬರಲಿಲ್ಲ. ಜನ ಬರುವುದಿಲ್ಲವೆಂದು ದುಡ್ಡು ಇನ್ನೂ ಕಡಿಮೆಯಾಯಿತು.

"ಇದಕ್ಕೆಲ್ಲ ನೀನೂ ಕಾರಣ," ಎಂದು ಥೆಲ್ಮಾ ಒಂದು ದಿನ ಕ್ಲಿಫ್‌ನನ್ನು ಛೇಡಿಸಿದ್ದಳು. "ತಿಂಗಳಾದ್ರೆ ಆ ಚಾನೆಲ್ಲಿಗೆ ಕಟ್ತೀಯಲ್ಲ."

"ಏನ್ಮಾಡ್ಲಿ ಥೆಲ್ಮಾ, ಮನೇಲಿ ಇನ್ನೊಂದು ದನಿ ಬೇಕಲ್ಲ. ನನ್ನವಳು ಹೋದ್ಮೇಲೆ."

ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಛಾವಣಿ ಸೋರುತ್ತಿದ್ದ ವರ್ಷ ಕ್ಲಬ್ಬು ಮೈದಾನ ಮಾರಿತು. ಕೊಂಡವರು ನಗರದ ಫುಟ್‌ಬಾಲಿನವರು, ಹುಡುಗರ ತರಬೇತಿಗೆ. ಕೊಟ್ಟ ಬೆಲೆ ಅವರ ಒಬ್ಬ ಆಟಗಾರನ ಒಂದು ವಾರದ ಸಂಬಳಕ್ಕೆ ಸಮ ಎಂದು ಊರಲ್ಲಿ ಮಾತು. ರಗ್ಬಿಯವರಿಗೆ ವರ್ಷಕ್ಕೆ ಇಷ್ಟು ಆಟ ಎಂದರು; ಹುಲ್ಲು ಕೀಳುತ್ತದೆಂದು ಮರುವರ್ಷ ಅದೂ ಇಲ್ಲ. ಈಗ ಕಾಲ್ಡ್‌ಶಾ ತಂಡ ಪಕ್ಕದೂರಿನ ಶಾಲೆಯ ಬಯಲಲ್ಲಿ ಆಡುತ್ತದೆ, ಬಸ್ಸಿನಲ್ಲೇ ಬಟ್ಟೆ ಬದಲಿಸುತ್ತದೆ.

ಕಂಬಗಳನ್ನು ಗರಗಸದಿಂದ ಕೊಯ್ದ ದಿನ ಹೆಡ್ಲಿ ರಸ್ತೆಯಲ್ಲಿ ನಿಂತು ನೋಡಿದ. ಮನೆಗೆ ಬಂದು ಬೂಟು ಬಿಚ್ಚದೆ ಕೂತ.

"ಅವರು ಕೆಟ್ಟೋರಲ್ಲ ಥೆಲ್ಮಾ," ಎಂದ. "ನಾವು ಅಲ್ಲಿದ್ವಿ ಅನ್ನೋದೇ ಅವರಿಗೆ ಗೊತ್ತಾಗಲಿಲ್ಲ."

ಅದೇ ತಿಂಗಳು ಜನೀನ್‌ಗೆ ಅಲ್ಲಿ ಕೆಲಸ ಸಿಕ್ಕಿತು. ಹೇಗೆ ಹೇಳುವುದೆಂದು ಅಡುಗೆಮನೆಯಲ್ಲಿ ಅಡ್ಡಾಡುತ್ತಿದ್ದವಳಿಗೆ ಅವನೇ ಹೇಳಿದ: "ಹೋಗ್ಲೇ ಮಗಳೇ. ಬಣ್ಣದ ಕಾರ್ಖಾನೆ ಮಾಲೀಕನ್ನ ನಾನೇನು ಮುದ್ದಾಡಿದ್ನಾ?" ಬೆನ್ನಿಗೇ, "ಆದ್ರೆ ನಾನು ಹೋದಾಗ ಒಂದ್ಸಲ ಒಳಗೆ ಬಿಡಿಸು. ಅಷ್ಟು ಮಾಡು," ಎಂದ.

*

ಆರು ಜನ ಹೊತ್ತರು. ಕ್ಲಿಫ್‌ಗೆ ಬೇಡವೆಂದರೂ ಕೇಳಲಿಲ್ಲ, ಮುಂದಿನ ಎಡಭಾಗಕ್ಕೆ ಹೆಗಲು ಕೊಟ್ಟ. ಹಿಂದೆ ಥೆಲ್ಮಾ, ಜನೀನ್, ಊರಿನ ಇಪ್ಪತ್ತು ಮೂವತ್ತು ಜನ. ಹುಲ್ಲು ಒಗೆದ ಹಾಗೆ ಇತ್ತು. ಒಂದು ತುದಿಯಲ್ಲಿ ಚಕ್ರಗಳ ಮೇಲೆ ಸಾಲು ದೀಪಗಳು; ಬಿಸಿಲಿಲ್ಲದ ಊರಿನಲ್ಲಿ ಹುಲ್ಲಿಗೆ ಬಿಸಿಲು.

ಕ್ಲಿಫ್‌ನ ಕಾಲು ಹಳೇ ಅಭ್ಯಾಸದಲ್ಲಿ ಬಿಳಿ ಗೆರೆಯವರೆಗೆ ನಡೆಯಿತು. ಅಲ್ಲಿ ಫುಟ್‌ಬಾಲಿನ ಬಲೆ.

"ಇಲ್ಲೇ," ಎಂದ ಕ್ಲಿಫ್.

"ಅದು ಅವರ ಗೆರೆ," ಎಂದಳು ಥೆಲ್ಮಾ. "ಅಲ್ಲಿಟ್ರೆ ಅವನು ಗೋಲು ಹೊಡೆದ ಹಾಗಾಗುತ್ತೆ. ಎದ್ದು ಬಂದು ಒದೀತಾನೆ."

ಯಾರೋ ಕಿಸಕ್ಕೆಂದರು. ಅವಳು ತಲೆಯೆತ್ತಿ ಚಾಪೆಲ್‌ನ ಶಿಖರ ನೋಡುತ್ತ ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟಳು. ಶಿಖರ ಚಿಮಣಿಯ ಹಿಂದೆ ಸರಿಯಿತು. ನಿಂತಳು. ಅಲ್ಲಿ ಯಾವ ಗೆರೆಯೂ ಇರಲಿಲ್ಲ, ಹುಲ್ಲು ಮಾತ್ರ.

"ಇದು ಗೆರೆ. ಇದರಿಂದ ಆಚೆಗೆ."

ಹೊತ್ತವರು ಅಲ್ಲಿಗೆ ಬಂದು ನಿಂತರು. ಬದಿಯಲ್ಲಿ ಅಕಾಡೆಮಿಯ ಹುಡುಗರು ತಲೆ ಬಗ್ಗಿಸಿ ಸಾಲಾಗಿ ನಿಂತಿದ್ದರು. ಮೌನದ ನಿಮಿಷ ಶುರುವಾಯಿತು. ಕ್ಲಿಫ್ ಹೆಗಲು ಬದಲಿಸಲು ನೋಡಿದ. ಪೆಟ್ಟಿಗೆಯ ಎಡ ಮೂಲೆ ವಾಲಿತು.

"ಕ್ಲಿಫ್, ಬಿಟ್ಟುಕೊಡು, ಬೇರೆಯವರು ಹಿಡೀತಾರೆ," ಎಂದಳು ಜನೀನ್.

"ಇಲ್ಲ. ಥೆಲ್ಮಾ ಹೇಳ್ಲಿ."

ಥೆಲ್ಮಾ ಪ್ರೆಂಟಿಸ್ ಕಡೆ ನೋಡಲೇ ಇಲ್ಲ. "ಇಳಿಸ್ರಪ್ಪ," ಎಂದಳು. "ಸುಸ್ತಾಗಿದೆ ಅವನಿಗೆ."

ಇಳಿಸಿದರು.

ಪ್ರೆಂಟಿಸ್ ಓಡುತ್ತ ಬಂದರು. ಹಿಂದೆ ಕ್ಯಾಮೆರಾದವನೊಬ್ಬ ಗುಳಿ, ಗುಳಿ ಎಂದು ಕೈ ತೋರಿಸುತ್ತಿದ್ದ. ಪ್ರೆಂಟಿಸ್ ಮುದುಕಿಗೆ ಏನೂ ಹೇಳಲಾರದೆ, ತಮ್ಮ ಸಂಬಳ ತಿನ್ನುವವಳ ಕಡೆ ತಿರುಗಿದರು.

"ಜನೀನ್, ಎತ್ತೋಕೆ ಹೇಳಿ. ಈಗಲೇ. ನಾಳೆ ನೀವು ಇಲ್ಲಿ ಕೆಲಸಕ್ಕೆ ಬರಬೇಕು ಅನ್ನೋದು ನೆನಪಿರಲಿ."

ಜನೀನ್‌ಗೆ ನೆನಪಿತ್ತು. ನಾಳೆಯ ಮೀನನ್ನು ಫ್ರೀಜರಿನಿಂದ ತೆಗೆದಿಟ್ಟು ಬಂದವಳು ಅವಳೇ. ಅವಳು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಎತ್ತಲು ಬಗ್ಗಿದಳೆಂದು ಪ್ರೆಂಟಿಸ್ ಉಸಿರು ಬಿಟ್ಟರು.

"ಎತ್ತಲ್ಲ ಸಾರ್," ಎಂದಳು.

ಎರಡೂ ಅಂಗೈಗಳನ್ನು ಮುಚ್ಚಳದ ಮೇಲಿಟ್ಟು, ಮೈಯ ಭಾರವನ್ನೆಲ್ಲ ಹಾಕಿ, ಕೆಳಕ್ಕೆ ಒತ್ತಿದಳು. ಬಿಸಿ ನೆಲದಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಪೆಟ್ಟಿಗೆಯ ಅಂಚು ಹುಲ್ಲಿನೊಳಗೆ ಒಂದಿಂಚು ಇಳಿಯಿತು.