ಏಳು ಗಂಟೆಯ ಧಾರಾವಾಹಿ, ಒಲೆಯ ಮೇಲಿನ ಎಣ್ಣೆ

ಸಂಜೆ ಏಳು ಗಂಟೆಗೆ ಮರೋಳ ಎಂಬ ಹಳ್ಳಿಗೆ ಯಾರೂ ನೆಂಟರಾಗಿ ಹೋಗಬಾರದು. ಹೋದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಒಳಗಿನಿಂದ "ಬಂದ್ನಿ, ಬಂದ್ನಿ" ಎಂಬ ದನಿ ಬರುತ್ತದೆ, ಮನುಷ್ಯರು ಮಾತ್ರ ಬರುವುದಿಲ್ಲ. ಆ ಹೊತ್ತಿಗೆ ಟಿವಿಯಲ್ಲಿ 'ಕೆಂಪು ಗಾಡಿ' ಧಾರಾವಾಹಿ ನಡೆದಿರುತ್ತದೆ.

ಅದು ಬೆಂಕಿ ಆರಿಸುವವರ ಕಥೆ. ಅದರಲ್ಲಿ ಬೆಂಕಿ ಕಡಿಮೆ, ಸಂಸಾರದ ಗೋಳು ಜಾಸ್ತಿ. ನಾಯಕ ಸಮರ್ಥನ ಹೆಂಡತಿ ಮುನಿಸಿಕೊಂಡು ತವರು ಸೇರಿದ್ದಾಳೆ. ಅವನ ಜೀವದ ಗೆಳೆಯನಿಗೆ ಅದೇ ಹೆಂಡತಿಯ ಮೇಲೆ ಹಳೆಯ ಪ್ರೀತಿ. ಇಬ್ಬರೂ ಮಾತು ಬಿಟ್ಟಿದ್ದಾರೆ, ಆದರೆ ಒಂದೇ ಗಾಡಿಯಲ್ಲಿ ಕೂತು ಬೆಂಕಿ ಆರಿಸಲು ಹೋಗಬೇಕು. ಅಗ್ನಿಶಾಮಕ ಠಾಣೆಯ ಸಾಹೇಬನೇ ಸಮರ್ಥನ ಹೆತ್ತ ತಂದೆ ಎಂಬುದು ಊರಿಗೆಲ್ಲ ಗೊತ್ತು, ಸಮರ್ಥನೊಬ್ಬನಿಗೆ ಗೊತ್ತಿಲ್ಲ.

ಮರೆವ್ವ ಇದರ ಒಂದು ಕಂತನ್ನೂ ಬಿಟ್ಟವಳಲ್ಲ. ವಯಸ್ಸು ಐವತ್ತೈದು, ಮಾತು ಖಡಕ್, ಮನಸ್ಸು ಬೆಣ್ಣೆ. ಗಂಡ ತೀರಿಕೊಂಡ ಮೇಲೆ ಕುರಿ ಹಿಂಡನ್ನು ಮೈದುನನಿಗೆ ಒಪ್ಪಿಸಿ ಮಗ ದೀಪಕನ ಜೊತೆ ಇದ್ದಾಳೆ. ದೀಪಕನದು ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ. ಸೊಸೆ ಕಸ್ತೂರಿ ಚೊಳಚಗುಡ್ಡದ ಹುಡುಗಿ, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. "ಸೊಸಿ ಅಲ್ಲ, ತಡಾ ಮಾಡಿ ಹುಟ್ಟಿದ ಮಗಳು" ಎಂದು ಮರೆವ್ವ ಎಲ್ಲರೆದುರೂ ಹೇಳುತ್ತಿದ್ದಳು. ಅದು ಬರೀ ಬಾಯಿಮಾತಾಗಿರಲಿಲ್ಲ.

ಒಂದೇ ಒಂದು ತಕರಾರೆಂದರೆ ಒಲೆ. ಒಲೆಯ ಮೇಲೆ ಏನಾದರೂ ಇಟ್ಟು, ಉರಿ ಸಣ್ಣ ಮಾಡಿ, ಮರೆವ್ವ ಟಿವಿ ಮುಂದೆ ಬಂದು ಕೂಡುವಳು. ಜಾಹೀರಾತು ಬಂದಾಗ ಓಡಿಹೋಗಿ ಕೈಯಾಡಿಸಿ ಬರುವಳು. ಓಣಿಯ ಅರ್ಧ ಮನೆಗಳ ಅಡುಗೆ ಹೀಗೆಯೇ ನಡೆಯುತ್ತಿತ್ತು.

"ಅತ್ತಿ, ಗ್ಯಾಸ್ ಬಂದ್ ಮಾಡಿ ಬಂದು ಕೂಡ್ರಿ. ಏನರೆ ಆದ್ರ ಏನ್ ಮಾಡೂದು?" ಎಂದು ಕಸ್ತೂರಿ ಹೇಳಿದರೆ ಮರೆವ್ವನ ಉತ್ತರ ಸಿದ್ಧವಾಗಿರುತ್ತಿತ್ತು.

"ಏನ್ ಆಗ್ತೈತಿ? ಬೆಂಕಿ ಹತ್ತಿದ್ರ ಒಂದ್ ಕೊಡ ನೀರ ಒಗದ್ರ ಆತು. ಎರಡ್ ವರ್ಷದಿಂದ ಟಿವ್ಯಾಗ ದಿನಾ ನೋಡಾಕತ್ತೇನಿ, ನನಗ ಕಲಸ್ತಿಯೇನ್?"

ಓಣಿಯ ಹೆಂಗಸರ ಸ್ವಸಹಾಯ ಸಂಘ ಮಂಗಳವಾರ ಮಧ್ಯಾಹ್ನ ಸೇರುತ್ತದೆ. ಸಂಘದ ಕಾಸಿಂಬಿ ಮರೆವ್ವನ ಪಕ್ಕದ ಮನೆಯವಳು. ಅವಳ ತಮ್ಮ ಹುಸೇನಪೀರ ಹುನಗುಂದದಲ್ಲಿ ಅಗ್ನಿಶಾಮಕ ದಳದ ನೌಕರ. "ನನ್ನ ತಮ್ಮನ್ನ ಒಂದಿನ ಕರಸ್ತೇನಿ, ಬೆಂಕಿ ಬಗ್ಗೆ ನಾಕ್ ಮಾತು ಹೇಳ್ತಾನ" ಎಂದು ಕಾಸಿಂಬಿ ಹೇಳಿದ್ದೇ ತಡ, ಹೆಂಗಸರಲ್ಲಿ ಸಡಗರ ಎದ್ದಿತು. ಮುಂದಿನ ಮಂಗಳವಾರ, ಖರೆ ಖರೆ ಸಮರ್ಥನೇ ಬರುತ್ತಾನೆಂಬಂತೆ ಕೆಲವರು ಒಳ್ಳೆಯ ಸೀರೆ ಉಟ್ಟು ಬಂದರು.

ಹುಸೇನಪೀರ ಬಸ್ಸಿನಿಂದ ಇಳಿದ. ತೆಳ್ಳನೆಯ ಆಳು, ಅರ್ಧ ಬೋಳುತಲೆ, ಕೈಯಲ್ಲಿ ಊಟದ ಡಬ್ಬಿ. ಮರೆವ್ವ ಕಾಸಿಂಬಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ಇವನಾ? ಗಾಳಿ ಬೀಸಿದ್ರ ಇವನ್ನ ನಾವ ಹಿಡ್ಕೋಬೇಕು."

ಹೆಂಗಸರು ಬೆಂಕಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ನಿಮ್ಮ ಠಾಣೇದಾಗೂ ಟಿವ್ಯಾಗಿನಂಗ ಲಫಡಾ ಅದಾವೇನ್ರಿ?" ಎಂದಳು ಒಬ್ಬಳು.

"ಒಂದ ಲಫಡಾ ಐತ್ರಿ," ಎಂದ ಹುಸೇನಪೀರ. "ಹಬ್ಬಕ್ಕ ರಜೆ ಸಿಗಂಗಿಲ್ಲ ಅಂತ ಮನ್ಯಾಗ ಹೆಂಡ್ತಿ ಸುಗರಾ ಮೂರು ದಿನ ಮಾತು ಬಿಡ್ತಾಳ."

ಮರೆವ್ವ ಬಿಡಲಿಲ್ಲ. "ನಮ್ಮ ಸಮರ್ಥ ಉರಿಯೊಳಗ ನಿಂತ ಹೆಂಡ್ತಿಗೆ ಕ್ಷಮಾ ಕೇಳಿದ. ಹತ್ತು ನಿಮಿಷ ಮಾತಾಡಿದ ನೋಡು ತಮ್ಮಾ!"

"ಅಕ್ಕಾ, ಹೊಗಿಯೊಳಗ ಬಾಯಿ ತಗದ್ರ ಕೆಮ್ಮು ಬರ್ತೈತಿ, ಕ್ಷಮಾ ಬರಂಗಿಲ್ಲ. ಉರಿಗಿಂತ ಮೊದಲ ಹೊಗಿನ ಮನಷ್ಯಾನ್ನ ಕೆಡವತೈತಿ. ಅದಕ್ಕ ಹೊಗಿ ತುಂಬಿದ್ರ ನೆಲಕ್ಕ ಬಗ್ಗಿ ಹೊರಗ ಬರಬೇಕು. ಹೊರಗ ಬಂದಾವ್ರು ರೊಕ್ಕ, ಬಂಗಾರ ಅಂತ ತಿರುಗಿ ಒಳಗ ಹೋಗಬಾರದು."

ಎಲ್ಲರೂ ನಕ್ಕರು. ಹುಸೇನಪೀರ ಅಂಗಳದ ನಡುವೆ, ಎಲ್ಲರನ್ನೂ ದೂರ ನಿಲ್ಲಿಸಿ, ಸಣ್ಣ ಕಡಾಯಿಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿದ. ಎಣ್ಣೆ ಮೊದಲು ಹೊಗೆಯಾಡಿತು. ಆಮೇಲೆ ತಾನಾಗಿಯೇ ಹೊತ್ತಿಕೊಂಡಿತು. ಉದ್ದನೆಯ ಕೋಲಿಗೆ ಕಟ್ಟಿದ ಲೋಟದಿಂದ ಅವನು ಅದಕ್ಕೆ ಒಂದಿಷ್ಟು ನೀರು ಸುರಿದ. ಭುಸ್ ಎಂದು ಬೆಂಕಿ ಆಳೆತ್ತರ ಎದ್ದಿತು. ಹೆಂಗಸರು ಚೀರಿ ಹಿಂದೆ ಸರಿದರು.

"ಇದನ್ನ ಮನ್ಯಾಗ ಮಾಡಿ ನೋಡಬ್ಯಾಡ್ರಿ," ಎಂದ ಹುಸೇನಪೀರ. "ಕಟಗಿ, ಹುಲ್ಲು, ಬಟ್ಟಿ ಹತ್ತಿದ್ರ ನೀರು ಬೇಕು, ಖರೆ. ಉರಿಯೋ ಎಣ್ಣಿಗೆ ಮಾತ್ರ ನೀರು ಬ್ಯಾಡ. ನೀರು ತಳಕ್ಕ ಹೋಗಿ ಒಮ್ಮೆಲೆ ಆವಿ ಆಗಿ, ಉರಿಯೋ ಎಣ್ಣೀನ ಮಾರಿಗೆ ಹಾರಸ್ತೈತಿ. ಕೈಗೆ ಸಿಗೂವಂಗಿದ್ರ ಗ್ಯಾಸ್ ಬಂದ್ ಮಾಡ್ರಿ. ದೊಡ್ಡ ತಾಟು ಇಲ್ಲಾ ಮುಚ್ಚಳಾ ಬದಿಯಿಂದ ಸರಿಸಿ ಮುಚ್ಚರಿ. ಆರತೇನು ಅಂತ ತಗದು ನೋಡಬ್ಯಾಡ್ರಿ. ಕಡಾಯಿ ಎತ್ತಿಕೊಂಡು ಹೊರಗ ಓಡಬ್ಯಾಡ್ರಿ."

ಇನ್ನೊಂದು ಕಡಾಯಿಯ ಎಣ್ಣೆಗೆ ಬೆಂಕಿ ಹತ್ತಿಸಿ, ತಾಟು ಮುಚ್ಚಿದ. ಬೆಂಕಿ ಸದ್ದಿಲ್ಲದೆ ಸತ್ತಿತು. ಕಸ್ತೂರಿ ಕಣ್ಣು ಮಿಟುಕಿಸದೆ ನೋಡಿದಳು. ಮರೆವ್ವ ಮೂಗು ಮುರಿದಳು. "ನಿನ್ನ ಎಣ್ಣೀನ ಬ್ಯಾರೆ ಇರಬೇಕು ಬಿಡು."

ಅಷ್ಟಕ್ಕೇ ಮುಗಿದಿದ್ದರೆ ಮರೆವ್ವ ಚಹಾ ಕುಡಿದು ನಗುತ್ತಲೇ ಮನೆಗೆ ಹೋಗುತ್ತಿದ್ದಳು. ಆದರೆ ಹುಸೇನಪೀರ ಮುಂದುವರಿಸಿದ: "ಮೈಮ್ಯಾಲಿನ ಬಟ್ಟಿ ಹತ್ತಿದ್ರ ಓಡಬಾರದು. ಓಡಿದ್ರ ಉರಿ ಜೋರಾಗತೈತಿ. ನೆಲಕ್ಕ ಬಿದ್ದು ಉರುಳಬೇಕು. ಮಗ್ಗಲಿದ್ದಾವ್ರು ಉಣ್ಣಿ ಕಂಬಳಿ ಸುತ್ತಬೇಕು. ಕುರಿ ಉಣ್ಣಿಗೆ ಬೆಂಕಿ ಲಗೂನ ಹತ್ತಂಗಿಲ್ಲ. ನಿಮ್ಮ ಮನ್ಯಾಗ ಕಂಬಳಿಗೇನ್ ಕಡಿಮಿ ಬಿಡ್ರಿ."

ಮರೆವ್ವನ ಮುಖ ಕೆಂಪಾಯಿತು. ಅವಳ ಮನೆಯಲ್ಲಿ ಈಗ ಉಳಿದಿದ್ದು ಒಂದೇ ಕಂಬಳಿ. ಅದು ಪಡಸಾಲೆಯ ದೇವರ ಜಗಲಿಯ ಮೇಲೆ, ಬೀರಪ್ಪನ ಗದ್ದುಗೆಗೆಂದು ಮಡಿಚಿಟ್ಟ ಕರಿ ಕಂಬಳಿ. ಅವಳ ಗಂಡ ತಮ್ಮ ಕುರಿಗಳ ಉಣ್ಣೆಯಲ್ಲೇ ನೇಯಿಸಿದ್ದು. ಪ್ರತಿ ಸೋಮವಾರ ಅದಕ್ಕೆ ಭಂಡಾರದ ಅರಿಸಿನ ಹಚ್ಚಿ ಕೈಮುಗಿಯುತ್ತಾರೆ. ಮೈಲಿಗೆಯಲ್ಲಿ ಮುಟ್ಟುವುದಿಲ್ಲ, ಕಾಲು ತಾಗಿದರೆ ತಪ್ಪೊಪ್ಪಿಕೊಳ್ಳುತ್ತಾರೆ.

"ದೇವರ ಕಂಬಳಿ ಬೆಂಕಿಗೆ ಹಾಕೂದಾ? ನಾಲಿಗಿ ಹಿಡತದಾಗ ಇರ್ಲಿ ತಮ್ಮಾ!" ಎಂದು ಎದ್ದವಳೇ ಸೆರಗು ಕೊಡವಿಕೊಂಡು ಹೊರಟುಬಿಟ್ಟಳು. ಪಾಪ, ಹುಸೇನಪೀರನಿಗೆ ತಾನೇನು ತಪ್ಪು ಮಾಡಿದೆ ಎಂಬುದೇ ತಿಳಿಯಲಿಲ್ಲ.

ಆ ಶುಕ್ರವಾರ 'ಕೆಂಪು ಗಾಡಿ'ಯಲ್ಲಿ ದೊಡ್ಡ ದಿನ. ಸಾಹೇಬನೇ ತನ್ನ ತಂದೆ ಎಂಬುದು ಸಮರ್ಥನಿಗೆ ಅಂದು ತಿಳಿಯಬೇಕಿತ್ತು. ಅಂದೇ ದೀಪಕ ಪಾಳಿ ಮುಗಿಸಿ ಎಂಟಕ್ಕೆ ಬರುವವನಿದ್ದ. ಅವನಿಗೆ ಮೆಣಸಿನಕಾಯಿ ಭಜಿ ಎಂದರೆ ಪ್ರಾಣ. ಮರೆವ್ವ ಹಿಟ್ಟು ಕಲಸಿ, ಕಡಾಯಿಗೆ ಎಣ್ಣೆ ಹೊಯ್ದು ಒಲೆಯ ಮೇಲಿಟ್ಟಳು. "ಒಂದ ನಿಮಿಷ ನೋಡಿ ಬರ್ತೇನಿ" ಎಂದು ಪಡಸಾಲೆಗೆ ಬಂದು ಕೂತಳು. ಕಸ್ತೂರಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

ಸಾಹೇಬ ಅತ್ತ. ಸಮರ್ಥ ಅತ್ತ. ಮರೆವ್ವನೂ ಅತ್ತಳು. ಅಂದು ಜಾಹೀರಾತು ಬೇಗ ಬರಲೇ ಇಲ್ಲ.

ಹೊಗೆಯ ವಾಸನೆ ಮೊದಲು ಬಡಿದದ್ದು ಕಸ್ತೂರಿಗೆ. ಅವಳು ಹಿಂಬಾಗಿಲಿನಿಂದ ಅಡುಗೆ ಮನೆಗೆ ಬಂದಾಗ ಕಡಾಯಿ ಧಗಧಗ ಉರಿಯುತ್ತಿತ್ತು. ಅವಳ ಕೂಗಿಗೆ ಮರೆವ್ವ ಎದ್ದು ಓಡಿಬಂದಳು. ಬಂದವಳೇ ಬಾಗಿಲ ಬದಿಯ ನೀರಿನ ಕೊಡ ಎತ್ತಿದಳು.

"ಅತ್ತಿ, ನೀರ ಬ್ಯಾಡ! ಒಗೀಬ್ಯಾಡ್ರಿ!"

ಆ ದನಿಗೆ ಕೊಡ ಮರೆವ್ವನ ಕೈಜಾರಿ ಹೊಸ್ತಿಲ ಆಚೆ ಬಿದ್ದು ಉರುಳಿತು. ಕಸ್ತೂರಿ ಗ್ಯಾಸ್ ಬಂದ್ ಮಾಡಿದಳು. ಗೋಡೆಗೆ ಆನಿಸಿದ್ದ ದೊಡ್ಡ ತಾಟು ತೆಗೆದು ಕಡಾಯಿಯ ಮೇಲೆ ಸರಿಸಿ ಮುಚ್ಚಿದಳು. ಎಣ್ಣೆಯ ಬೆಂಕಿ ಅಡಗಿತು. ಆದರೆ ಬಾಗಿದಾಗ ಅವಳ ಪಾಲಿಸ್ಟರ್ ಸೀರೆಯ ಸೆರಗಿಗೆ ಉರಿ ತಾಗಿಬಿಟ್ಟಿತ್ತು. ಅವಳು ಓಡಲಿಲ್ಲ. ಪಡಸಾಲೆಗೆ ನಾಲ್ಕು ಹೆಜ್ಜೆ ಬಂದು ನೆಲಕ್ಕೆ ಬಿದ್ದು ಉರುಳತೊಡಗಿದಳು. ಆ ಸೀರೆ ಆರಲೊಲ್ಲದು, ಕರಗಿ ಕೈಗೆ ಹತ್ತುತ್ತಿತ್ತು.

ಮರೆವ್ವ ಸುತ್ತ ನೋಡಿದಳು. ಕೊಡ ಖಾಲಿ. ಹಾಸಿಗೆ ಮಾಳಿಗೆಯ ಮೇಲೆ. ಜಗಲಿಯ ಮೇಲೆ ಕಂಬಳಿ.

ಒಂದು ಕ್ಷಣ ಅವಳ ಕೈ ಮುಂದೆ ಹೋಗಲಿಲ್ಲ. ಆ ಒಂದು ಕ್ಷಣದ ಬಗ್ಗೆ ಅವಳಿಗೆ ಇಂದಿಗೂ ನಾಚಿಕೆ ಇದೆ. ಮರುಕ್ಷಣ "ಯಪ್ಪಾ ಬೀರಪ್ಪಾ" ಎಂದವಳೇ ಕಂಬಳಿ ಸೆಳೆದಳು. ಭಂಡಾರ ನೆಲಕ್ಕೆಲ್ಲ ಚೆಲ್ಲಿತು. ಸೊಸೆಯ ಭುಜದಿಂದ ಕೆಳಕ್ಕೆ ಕಂಬಳಿ ಸುತ್ತಿ, ಮೇಲೆ ತಾನೇ ಒರಗಿ ಒತ್ತಿ ಹಿಡಿದಳು. ಉರಿ ಆರಿತು. ಟಿವಿಯಲ್ಲಿ ಸಮರ್ಥ ಇನ್ನೂ ಅಳುತ್ತಲೇ ಇದ್ದ.

ಗದ್ದಲ ಕೇಳಿ ಕಾಸಿಂಬಿ ಓಡಿಬಂದಳು. ಅಷ್ಟರಲ್ಲಿ ಮರೆವ್ವ ಹಲ್ಲುಜ್ಜುವ ಪೇಸ್ಟ್ ಹಿಡಿದು ನಿಂತಿದ್ದಳು.

"ಅದನ್ನ ಹಚ್ಚಬ್ಯಾಡ ಅಕ್ಕಾ! ಅರಿಷಿಣಾನೂ ಬ್ಯಾಡ. ಮೊದಲ ತಣ್ಣೀರು ಬಿಡೂನು," ಎಂದು ಕಾಸಿಂಬಿ ಕಸ್ತೂರಿಯ ಬಳೆ ತೆಗೆಸಿ, ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದಳು. ಇಪ್ಪತ್ತು ನಿಮಿಷ ನೀರು ಬಿಟ್ಟರು. ಚರ್ಮಕ್ಕೆ ಅಂಟಿದ್ದ ಬಟ್ಟೆಯನ್ನು ಯಾರೂ ಕೀಳಲಿಲ್ಲ. ಸ್ವಚ್ಛ ಅರಿವೆ ಸಡಿಲವಾಗಿ ಮುಚ್ಚಿ, ಹುನಗುಂದದ ದವಾಖಾನೆಗೆ ಕರೆದೊಯ್ದರು. ಸುಟ್ಟಿದ್ದು ಮುಂಗೈ ಮತ್ತು ಮೊಣಕೈ. "ಕೂಡಲೇ ಕಂಬಳಿ ಸುತ್ತಿದ್ದು, ನೀರು ಬಿಟ್ಟದ್ದು ಭಾಳ ಛಲೋ ಆತು" ಎಂದರು ಡಾಕ್ಟರಮ್ಮ. ಮರೆವ್ವ ಅಲ್ಲಿಯೇ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತಳು. ಈ ಸಲ ಧಾರಾವಾಹಿಗಾಗಿ ಅಲ್ಲ.

ಆದರೂ ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು. ಕಂಬಳಿಯ ಅಂಚು ಅಂಗೈಯಗಲ ಕಮರಿತ್ತು. ಸೋಮವಾರ ಅದನ್ನು ಹೊತ್ತು ಬೀರಪ್ಪನ ಗುಡಿಗೆ ಹೋದಳು. ಪೂಜಾರಿ ನೀಲಪ್ಪಜ್ಜನ ಮುಂದೆ ಬಿಚ್ಚಿ ಹಾಸಿದಳು.

"ತಪ್ಪಾತು ಅಜ್ಜಾ. ದೇವರ ಕಂಬಳಿ ಸುಟ್ಟೇನಿ. ಏನ್ ದಂಡ ಹಾಕ್ತಿ ಹಾಕು."

ನೀಲಪ್ಪಜ್ಜ ಕಂಬಳಿಯ ಕಡೆ ನೋಡಲೂ ಇಲ್ಲ. "ಸೊಸಿ ಕೂಸು ಹೆಂಗದಾಳ?" ಎಂದು ಕೇಳಿದ.

"ಅರಾಮ ಅದಾಳ. ಕೈಗೆ ಪಟ್ಟಿ ಕಟ್ಯಾರ."

"ಅಷ್ಟ ಸಾಕು," ಎಂದ ಅಜ್ಜ ಕಮರಿದ ಜಾಗಕ್ಕೆ ಭಂಡಾರ ಹಚ್ಚಿದ. "ಥಂಡಿ, ಮಳಿಯೊಳಗ ಕುರಿ ಕಾಯಾವನ ಜೀವಾ ಕಾಯಾಕಂತ ನೇದದ್ದು ಈ ಕಂಬಳಿ. ಅದು ತನ್ನ ಕೆಲಸಾ ಮಾಡೇತಿ. ದಂಡ ಬೇಕಂದ್ರ ಹಾಕ್ತೇನಿ. ಇನ್ನೊಂದು ಕಂಬಳಿ ತಗೊಂಡು ಅಡಗಿ ಮನಿ ಬಾಗಲಾ ಮಗ್ಗಲಕ ತೂಗುಹಾಕು. ಒಲಿ ಹತ್ತಿಸಿಟ್ಟು ಎದ್ದು ಹೋಗಬ್ಯಾಡ."

ಮರೆವ್ವ ದಂಡ ಕಟ್ಟಿದಳು. ಮಂಗಳವಾರ ಸಂಘಕ್ಕೆ ಬಂದಾಗ ಕಂಕುಳಲ್ಲಿ ಹೊಸ ಕಂಬಳಿ ಇತ್ತು. ಎಲ್ಲರೆದುರು ಎದ್ದು ನಿಂತು, ಯಾರೂ ಕೇಳದಿದ್ದರೂ, ತನ್ನ ತಪ್ಪು ಹೇಳಿದಳು. "ನನಗ ಎಲ್ಲಾ ಗೊತ್ತೈತಿ ಅಂತಿದ್ನಿ. ಆ ಕೊಡ ನನ್ನ ಕೈಯಿಂದ ಬೀಳಲಿಲ್ಲಂದ್ರ ನನ್ನ ಕೈಯಾರೆ ನನ್ನ ಮಗಳ್ನ ಸುಡ್ತಿದ್ನಿ." ಆಮೇಲೆ ಕಾಸಿಂಬಿಯ ಫೋನಿನಲ್ಲಿ ಹುಸೇನಪೀರನನ್ನು ಕರೆದು, "ತಮ್ಮಾ, ಸಿಟ್ಟಾಗಬ್ಯಾಡ. ಸುಗರಾನ್ನ ಕರಕೊಂಡು ಊಟಕ್ಕ ಬಾ" ಎಂದಳು. ಅವನಿಗೆ ರಜೆ ಸಿಗಲು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಮರೆವ್ವ ಧಾರಾವಾಹಿ ಬಿಟ್ಟಳೇ? ಎಲ್ಲಿಯ ಮಾತು! ಈಗಲೂ ನೋಡುತ್ತಾಳೆ. ಏಳಕ್ಕೆ ಮೊದಲೇ ಅಡುಗೆ ಮುಗಿಸುತ್ತಾಳೆ, ಇಲ್ಲವೇ ಗ್ಯಾಸ್ ಬಂದ್ ಮಾಡಿ, ರೆಗ್ಯುಲೇಟರ್ ತಿರುವಿ ಬಂದು ಕೂಡುತ್ತಾಳೆ. ಸಮರ್ಥ ಉರಿಯಲ್ಲಿ ನಿಂತು ಮಾತಿಗೆ ತೊಡಗಿದರೆ, "ಮೊದಲ ಹೊರಗ ಬಾರೋ, ಆಮ್ಯಾಲೆ ಮಾತಾಡಿಯಂತ" ಎಂದು ಬೈಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಧಾರಾವಾಹಿಯನ್ನು ಖುಷಿಯಿಂದ ನೋಡಿ. ಅದರಲ್ಲಿನ ಬೆಂಕಿಯನ್ನು ಮಾತ್ರ ನಂಬಬೇಡಿ. ಎಣ್ಣೆ ಹೊಗೆಯಾಡಿದರೆ ತಕ್ಷಣ ಗ್ಯಾಸ್ ಬಂದ್ ಮಾಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಿ, ನೀರು ಹಾಕಬೇಡಿ. ಬಟ್ಟೆಗೆ ಹತ್ತಿದರೆ ಓಡಬೇಡಿ, ಉರುಳಿ, ಕಂಬಳಿ ಸುತ್ತಿ. ಬೆಂಕಿ ಕೈಮೀರಿದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು ೧೧೨ಕ್ಕೆ ಫೋನ್ ಮಾಡಿ. ಊರು, ಓಣಿ, ಹತ್ತಿರದ ಗುರುತು ಹೇಳಿ.

ಇದನ್ನು ಓದುತ್ತಿರುವಾಗ, ಕೇಳುತ್ತಿರುವಾಗ ನಿಮ್ಮ ಒಲೆಯ ಮೇಲೆ ಏನಾದರೂ ಇದೆಯೇ? ಹಾಗಿದ್ದರೆ ಈಗಲೇ ಎದ್ದು ಹೋಗಿ, ಆರಿಸಿ ಬನ್ನಿ. ಉಳಿದ ಮಾತು ಆಮೇಲೆ.