ಒಂದೇ ಕಾರಿಗೆ ಎರಡು ಸರ್ವೀಸು

ಗಂಗುಲಪ್ಪ ಬೆಂಚಿನಿಂದ ಎದ್ದವನೇ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತುಬಿಟ್ಟ. ಗಾಜಿನಾಚೆ ಲಿಫ್ಟಿನ ಮೇಲೆ ಎತ್ತಿ ನಿಲ್ಲಿಸಿದ್ದ ಬಿಳಿ ಕಾರಿನ ಹೊಟ್ಟೆಯಿಂದ ಎಣ್ಣೆ ಬೆರಳು ಗಾತ್ರದ ಧಾರೆಯಾಗಿ ಇಳಿದು ಡ್ರಮ್ಮಿಗೆ ಬೀಳುತ್ತಿತ್ತು. ಜೇನಿನ ಬಣ್ಣ. ಟ್ಯೂಬ್‌ಲೈಟಿನ ಬೆಳಕು ಹಾದು ಬರುವಷ್ಟು ತಿಳಿ. ನೀಲಿ ಅಂಗಿಯ ಕೆಲಸಗಾರನೊಬ್ಬ ಧಾರೆಗೆ ಬೆರಳೊಡ್ಡಿದ, ಹೆಬ್ಬೆರಳಿಗೆ ತಿಕ್ಕಿದ, ಮೂಗಿನ ಹತ್ತಿರ ತಂದ. ಆಮೇಲೆ ತಲೆ ತಿರುಗಿಸಿ ಗಾಜಿನ ಕಡೆ ನೋಡಿದ. ಕೆಲಸಗಾರ ತುಟಿ ಡೊಂಕು ಮಾಡಿ ಪಕ್ಕದ ಕಾರಿನ ಕಡೆ ನಡೆದ.

ಆ ಎಣ್ಣೆಯನ್ನು ಚಿಂತಾಮಣಿಯಲ್ಲಿ ಮೆಕ್ಯಾನಿಕ್ ನಲ್ಲಪ್ಪ ಹಾಕಿದ್ದು ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ. ಕಾರು ಅದರ ಮೇಲೆ ಐವತ್ತು ಕಿಲೋಮೀಟರೂ ಓಡಿರಲಿಲ್ಲ.

ಗಂಗುಲಪ್ಪ ಮತ್ತೆ ಕೂತ. ಎದ್ದ. ಬೆಂಚಿನ ಸುತ್ತ ಒಂದು ಸುತ್ತು ಬಂದು ಮತ್ತೆ ಕೂತ. ಗಿರಾಕಿಗಳಿಗೆ ಒಳಗೆ ಸೋಫಾ, ಫ್ಯಾನು, ಇಂಗ್ಲಿಷ್ ಪೇಪರು. ಡ್ರೈವರ್‌ಗಳಿಗೆ ಆಚೆ ಈ ಸಿಮೆಂಟ್ ಬೆಂಚು. ಕೆಲಸದ ಜಾಗಕ್ಕೆ ಮಾತ್ರ ಇಬ್ಬರಿಗೂ ಪ್ರವೇಶವಿಲ್ಲ. ಬೆಂಗಳೂರಿನ ಡೀಲರ್‌ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಈ ಗಾಜಿನ ವರ್ಕ್‌ಶಾಪ್ ತೆರೆದು ಆರು ತಿಂಗಳಾಗಿತ್ತು. ಜನ ಅದನ್ನು ಕಂಪನಿ ಎನ್ನುತ್ತಿದ್ದರು. ಅಲ್ಲಿನ ಸೂಪರ್‌ವೈಸರ್ ಚನ್ನಕೇಶವ ಟೈ ಕಟ್ಟಿಕೊಂಡು, ಸುತ್ತಲ ಊರುಗಳ ಕಾರಿನ ಮಾಲೀಕರ ಮನೆ ಮನೆಗೆ ಹೋಗಿ ಬಂದಿದ್ದ. ಶಿಡ್ಲಘಟ್ಟದಲ್ಲಿ ಗಂಗುಲಪ್ಪನ ಯಜಮಾನ ವೆಂಕಟರವಣಪ್ಪನ ಮನೆಯಲ್ಲಿ ಕಾಫಿ ಕುಡಿದು ಅವನು ಹೇಳಿ ಹೋದದ್ದು ಇಷ್ಟೇ: "ಊರ ಗ್ಯಾರೇಜಿನವ್ರು ಹಾಕಿದೀವಿ ಅಂತಾರೆ, ಹಾಕಿರಲ್ಲ ಸರ್. ಉಳಿದಿದ್ದು ಡ್ರೈವರ್‌ಗೂ ಮೆಕ್ಯಾನಿಕ್‌ಗೂ ಸಮಪಾಲು. ನಿಮ್ಮವ್ರು ಹಂಗೆ ಅಂತ ನಾನು ಹೇಳ್ತಿಲ್ಲ."

ಆ ಕೊನೆಯ ಮಾತು ವೆಂಕಟರವಣಪ್ಪನ ಕಿವಿಗೆ ಹೊಕ್ಕಿದ್ದು ಹೊರಗೆ ಬರಲಿಲ್ಲ.

ವೆಂಕಟರವಣಪ್ಪ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವ ಹದಿನಾರು ಬೇಸಿನ್ನಿನ ಯಜಮಾನ. ಗೂಡಿನ ಮಾರ್ಕೆಟ್ಟಿನಲ್ಲಿ ರಾಶಿಯ ಮೇಲಿನ ಗೂಡನ್ನು ಅವನು ಜನ್ಮದಲ್ಲಿ ನಂಬಿದವನಲ್ಲ. ಮೊಳಕೈವರೆಗೆ ಕೈ ಇಳಿಸಿ ತಳದ ಗೂಡು ತೆಗೆದು ಹಿಸುಕಿ ನೋಡುತ್ತಿದ್ದ. ನೂಲು ತೆಗೆಯಲು ಹೊಸಬ ಬಂದರೆ ಒಂದೇ ರಾಶಿಯ ಗೂಡನ್ನು ಎರಡು ಪಾಲು ಮಾಡಿ, ಒಂದನ್ನು ಅವನಿಗೆ, ಇನ್ನೊಂದನ್ನು ಹಳಬನಿಗೆ ಕೊಟ್ಟು, ಇಬ್ಬರಿಗೂ ಹೇಳದೆ ಸಂಜೆ ಎರಡೂ ನೂಲು ತೂಗುತ್ತಿದ್ದ. ಹಾಗೆ ತೂಗಿ ಅವನು ಒಂದು ಸಲವೂ ಮೋಸಹೋಗಿರಲಿಲ್ಲ. ಹೋದ ಶನಿವಾರ ಅವನು ಗಂಗುಲಪ್ಪನನ್ನು ಕರೆದು ಮುಂದೆ ನಿಲ್ಲಿಸಿಕೊಂಡ.

"ಏಮಿರಾ, ನಲ್ಲಪ್ಪ ಒಂದು ಸರ್ವೀಸಿಗೆ ನಾನೂರೈವತ್ತು ಇಸ್ಕೊಂತಾನೆ. ಕಂಪನೀಲಿ ಸಾವಿರದ ಆರುನೂರು ಅಂತಾರೆ. ಅದೇ ಕಾರು, ಅದೇ ಎಣ್ಣೆ. ಯಾಕಪ್ಪ ಅಷ್ಟು ವ್ಯತ್ಯಾಸ?"

"ಅಲ್ಲಿ ಗಾಜು ಐತಲ್ಲ ಯಜಮಾನ್ರೆ. ಗಾಜಿನ ಕಾಸೂ ನಾವೇ ಕೊಡ್ಬೇಕು."

"ನಗಬೇಡ. ಒಂದೋ ಅವರು ಸುಲೀತಾವ್ರೆ, ಇಲ್ಲ ನಲ್ಲಪ್ಪ ಕೆಲಸಾನೇ ಮಾಡ್ತಿಲ್ಲ. ಸೋಮವಾರ ನಲ್ಲಪ್ಪನ ಹತ್ರ ಮಾಡಿಸು. ಮಂಗಳವಾರ ಅದೇ ಕಾರನ್ನ ಕಂಪನಿಗೆ ಹಾಕು. ಇವನು ಬಿಟ್ಟಿದ್ದೇನು ಅಂತ ಅವರು ಬರೀತಾರೆ."

"ಗೂಡಾದ್ರೆ ಪಾಲು ಮಾಡಬೋದು ಯಜಮಾನ್ರೆ. ಕಾರು ಒಂದೇ ಅಲ್ವಾ?"

"ಒಂದೇ ಇರೋದಕ್ಕೇ ಕಣೋ, ಒಂದಾದ್ಮೇಲೊಂದು." ವೆಂಕಟರವಣಪ್ಪ ಧ್ವನಿ ಇಳಿಸಿದ. "ಇಬ್ಬರ ಹತ್ರಾನೂ ಉಸಿರು ಬಿಡಕೂಡ್ದು. ನಲ್ಲಪ್ಪನ ಕೆಲಸದಲ್ಲಿ ಒಂದೇ ಒಂದು ಹುಳುಕು ಸಿಕ್ಕಲಿ, ಆರು ವರ್ಷದಿಂದ ಇಬ್ಬರೂ ಹಂಚ್ಕೊಂಡು ತಿಂದ್ರಿ ಅಂತ ತಿಳ್ಕೊಂತೀನಿ. ಬೀಗದ ಕೈ ಮೇಜಿನ ಮೇಲಿಟ್ಟು ಹೋಗ್ತಾ ಇರು."

ಗಂಗುಲಪ್ಪ ಆರು ವರ್ಷದಲ್ಲಿ ನಲ್ಲಪ್ಪನಿಂದ ಟೀ ಬಿಟ್ಟು ಏನನ್ನೂ ತೆಗೆದುಕೊಂಡವನಲ್ಲ. ಅದನ್ನು ಹೇಳಬೇಕೆಂದುಕೊಂಡ. ಹೇಳಿದರೆ ಸುಳ್ಳಿನ ಹಾಗೆ ಕೇಳಿಸುತ್ತದೆ ಎನ್ನಿಸಿತು. ಬೀಗದ ಕೈ ಹೋದರೆ ಬೇಸಿನ್‌ಗಳ ಹಿಂದಿನ ಕೋಣೆಯೂ ಹೋಗುತ್ತದೆ. ಹೆಂಡತಿ ಅನಸೂಯಮ್ಮ, ಇಬ್ಬರು ಮಕ್ಕಳು ಅಲ್ಲೇ ಇರುವುದು. ಅವನಿಗೆ ಉಳಿಯುವುದು ಮತ್ತೆ ಹಿಂದೆ ಓಡಿಸುತ್ತಿದ್ದ ಕಲ್ಲು ಲಾರಿ. ಆ ಲಾರಿ ಅವನ ಸೊಂಟದೊಳಗೆ ಇನ್ನೂ ಓಡುತ್ತಲೇ ಇತ್ತು.

ಸೋಮವಾರ ಚಿಂತಾಮಣಿಯಲ್ಲಿ, ಕೈವಾರದ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ, ಗಂಗುಲಪ್ಪ ಮೊದಲ ಸಲ ನಲ್ಲಪ್ಪನ ಕೈಗಳನ್ನು ಕಳ್ಳನನ್ನು ಕಾಯುವವನ ಹಾಗೆ ನೋಡಿದ. ಐವತ್ತು ದಾಟಿದ ಮನುಷ್ಯ, ಗೋಣಿಚೀಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಜಾರುತ್ತಿದ್ದ, ಏಳುತ್ತಿದ್ದ, ಪ್ಲಗ್ಗು ಉಜ್ಜುತ್ತಿದ್ದ, ಫಿಲ್ಟರು ಬಡಿಯುತ್ತಿದ್ದ. ಎಣ್ಣೆ ಹಾಕಿದ ಮೇಲೆ ಡಬ್ಬಿ ಬೋರಲು ಹಿಡಿದು ಕೊನೆಯ ಹನಿ ಬೀಳುವ ತನಕ ಕಾದ. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿದೆ ಎಂದು ಲೆಕ್ಕ ಹಾಕುತ್ತಿರುವ ತನ್ನ ಕಣ್ಣೇ ಗಂಗುಲಪ್ಪನಿಗೆ ಬೇರೆ ಯಾರದೋ ಅನ್ನಿಸಿತು. ಆ ಕಣ್ಣು ತೆಗೆದಿಡಲು ಜಾಗ ಸಿಗದೆ ರಸ್ತೆಯ ಬಸ್ಸು ನೋಡಿದ, ಶೆಡ್ಡಿನ ತೂತು ನೋಡಿದ, ತನ್ನ ಚಪ್ಪಲಿ ನೋಡಿದ.

"ಏನೋ, ಇವತ್ತು ಬಾಯಿ ಮನೇಲಿ ಬಿಟ್ಟು ಬಂದಿದೀಯಾ?" ನಲ್ಲಪ್ಪ ಕೆಳಗಿನಿಂದಲೇ ಕೇಳಿದ. "ಅನಸೂಯಮ್ಮ ಹೊರಕ್ಕೆ ಹಾಕಿದ್ಳೇನೋ?"

"ಏನಿಲ್ಲಣ್ಣ. ತಲೆನೋವು."

"ಡ್ರೈವರ್ ತಲೆ ನೋಯ್ಬಾರ್ದು ಕಣೋ. ನಮ್ಮ ಹೊಟ್ಟೆಗೇ ಕುತ್ತು." ಅವನು ಎದ್ದು, ಎದುರಿನ ಹೋಟೆಲಿಗೆ ಕೂಗಿ ಎರಡು ಟೀ ತರಿಸಿದ, ದುಡ್ಡೂ ತಾನೇ ಕೊಟ್ಟ. ಗಂಗುಲಪ್ಪ ಟೀ ಕುಡಿದು ಲೋಟ ಹಿಂದಕ್ಕೆ ಕೊಟ್ಟು ಬಂದ. ಬಿಲ್ಲು ಎಂದಿನಂತೆ ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ನಾನೂರ ಮೂವತ್ತೈದು ರೂಪಾಯಿ.

"ಶಿಡ್ಲಘಟ್ಟದ ಬಿಳಿ ಗಾಡಿ ಡ್ರೈವರ್!"

ಗಂಗುಲಪ್ಪ ಸಿಮೆಂಟ್ ಬೆಂಚಿನಿಂದ ಬೆಚ್ಚಿ ಎದ್ದ. ಗಾಜಿನ ಬಾಗಿಲು ತಳ್ಳಿಕೊಂಡು ಚನ್ನಕೇಶವ ಹೊರಗೆ ಬಂದಿದ್ದ. ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ; ಒಂಬತ್ತು ಬಾಬತ್ತು, ಕೆಳಗೆ ಒಟ್ಟು ಸಾವಿರದ ಎಂಟುನೂರ ಎಪ್ಪತ್ತು. ಗಂಗುಲಪ್ಪ ಮೊದಲ ಸಾಲಿನಲ್ಲೇ ನಿಂತ.

"ಎಣ್ಣೆ ಕಪ್ಪಾಗಿತ್ತು ಅಂತ ಬರ್ದಿದೀರಲ್ಲ ಸಾರ್?"

"ಇಂಜಿನ್‌ದು ಅಲ್ವೇನಪ್ಪ? ಕಪ್ಪಾಗೇ ಇರುತ್ತೆ."

"ನೋಡಿದ್ರಾ?"

"ಐದು ಸಾವಿರ ಕಿಲೋಮೀಟರಿಗೆ ಬದಲಾಯ್ಸಬೇಕು ಅಂತ ಬುಕ್ಕಲ್ಲಿ ಇದೆ. ನೋಡೋದೇನು ಅದರಲ್ಲಿ?" ಚನ್ನಕೇಶವನ ಮುಖದಲ್ಲಿ ಕಳ್ಳತನದ ಗೆರೆಯೂ ಇರಲಿಲ್ಲ. ಬುಕ್ಕಿನಲ್ಲಿ ಇದ್ದದ್ದನ್ನು ಅವನು ಮಾಡಿಸಿದ್ದ, ಅಷ್ಟೆ. "ಅದು ಬಿಡು, ಏಳನೇದು ನೋಡು. ನಿಮ್ಮ ಯಜಮಾನ್ರಿಗೆ ಇದನ್ನ ತೋರಿಸಲೇಬೇಕು."

ಅವನು ಪೇಪರಿನ ಪೊಟ್ಟಣ ಬಿಚ್ಚಿದ. ಒಳಗೆ ಗುಂಡಿಯಷ್ಟಗಲದ ಎರಡು ಕರೀ ರಬ್ಬರ್, ಅಂಚು ಹರಿದು ಒದ್ದೆಯಾಗಿದ್ದವು. ಹಿಂದಿನ ಎಡಚಕ್ರದ ಬ್ರೇಕ್ ಸಿಲಿಂಡರಿನವು.

"ಸೋರ್ತಾ ಇತ್ತು. ಇನ್ನೊಂದು ತಿಂಗಳು ಬಿಟ್ಟಿದ್ರೆ ನಂದಿಬೆಟ್ಟದ ಇಳಿಜಾರಲ್ಲಿ ಬ್ರೇಕ್ ಹಿಡೀತಿರ್ಲಿಲ್ಲ. ಇಲ್ಲೀವರ್ಗೂ ಯಾರು ನೋಡ್ತಿದ್ರು ಈ ಗಾಡೀನ?"

ಗಂಗುಲಪ್ಪ ರಬ್ಬರನ್ನು ಬೆರಳಲ್ಲಿ ಮುಟ್ಟಿದ. ಬೆರಳು ಒದ್ದೆಯಾಯಿತು. ಎಣ್ಣೆಯ ವಿಷಯ ಸುಳ್ಳು, ಇದು ನಿಜ. ಎರಡೂ ಒಂದೇ ಹಾಳೆಯಲ್ಲಿ, ಒಂದೇ ಅಕ್ಷರದಲ್ಲಿ. ನಿನ್ನೆ ನಲ್ಲಪ್ಪ ಆ ಚಕ್ರದ ಹತ್ತಿರ ಕೂತು ಸುತ್ತಿಗೆಯಿಂದ ನಾಲ್ಕು ಸಲ ಬಡಿದು, ಏನೋ ಗೊಣಗಿ, ಎದ್ದು ಬಂದಿದ್ದು ಈಗ ನೆನಪಾಯಿತು. ತಾನು ಆಗ ನೋಡುತ್ತಿದ್ದದ್ದು ಏನನ್ನು? ಚಪ್ಪಲಿಯನ್ನು.

ಶಿಡ್ಲಘಟ್ಟದ ದಾರಿಯುದ್ದಕ್ಕೂ ಪೊಟ್ಟಣ ಪಕ್ಕದ ಸೀಟಿನ ಮೇಲೆ ಕೂತಿತ್ತು. ಅವನು ಸುಮ್ಮಸುಮ್ಮನೆ ಬ್ರೇಕ್ ಒತ್ತಿ ನೋಡಿದ. ಕಾರು ಹಿಂದೆಂದೂ ನಿಂತಿರದಷ್ಟು ನೆಟ್ಟಗೆ ನಿಂತಿತು. ಮತ್ತೆ ಒತ್ತಿದ, ಮತ್ತೆ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನ್ ಬಾರಿಸಿ, ಕಿಟಕಿಯಿಂದ ತಲೆ ಹೊರಹಾಕಿ ಬೈದು ಮುಂದೆ ಹೋದ. ಒಂದು ಹಿಪ್ಪುನೇರಳೆ ತೋಟದ ಪಕ್ಕ ಗಂಗುಲಪ್ಪ ಕಾರು ನಿಲ್ಲಿಸಿದ, ಇಳಿದ, ಆ ಕಡೆ ಈ ಕಡೆ ನೋಡಿದ. ಪೊಟ್ಟಣವನ್ನು ಸಾಲುಗಳ ನಡುವೆ ದೂರಕ್ಕೆ ಎಸೆದ. ಎಸೆದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆರು ವರ್ಷದಲ್ಲಿ ಮಾಡದ ಮೋಸವನ್ನು, ಮಾಡಿಲ್ಲವೆಂದು ತೋರಿಸಿಕೊಳ್ಳಲು ಈಗ ಮಾಡಿದ್ದ.

ಬೇಸಿನ್‌ಗಳ ಹಬೆಯ ನಡುವೆ, ಬೆಂದ ಗೂಡಿನ ವಾಸನೆಯಲ್ಲಿ, ವೆಂಕಟರವಣಪ್ಪ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ತೊಡೆಯ ಮೇಲೆ ನಲ್ಲಪ್ಪನ ಕ್ಯಾಲೆಂಡರ್ ಹಾಳೆ.

"ಓದು." ಅವನಿಗೆ ಇಂಗ್ಲಿಷ್ ಬಾರದು. ಪಿಯುಸಿವರೆಗೆ ಓದಿದ್ದ ಗಂಗುಲಪ್ಪನೇ ಅಂಥ ಕಾಗದಗಳನ್ನೆಲ್ಲ ಓದಿ ಹೇಳುವುದು ವಾಡಿಕೆ.

"ಒಂದನೇದು, ಇಂಜಿನ್ ಎಣ್ಣೆ ಕಪ್ಪಾಗಿತ್ತು. ಬದಲಾಯಿಸಿದೆ."

"ಏನಂದೆ?"

"ಕಪ್ಪಾಗಿತ್ತು ಅಂತ ಐತೆ ಯಜಮಾನ್ರೆ. ನಾನು ಗಾಜಿನಾಚೆಯಿಂದ ನೋಡ್ದೆ. ಜೇನುತುಪ್ಪದಂಗೆ ಇಳೀತಿತ್ತು."

ವೆಂಕಟರವಣಪ್ಪ ನಕ್ಕ. ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಿನ್ನೆ ಹಾಕಿದ ಎಣ್ಣೆ! ಟೈ ಕಟ್ಕೊಂಡು ಬಂದು ನನ್ನ ಕಾಫಿ ಕುಡ್ದು ಹೋದ್ನಲ್ಲೋ ಅವನು!" ಎರಡು, ಮೂರು, ನಾಲ್ಕು, ಎಲ್ಲವೂ ನಲ್ಲಪ್ಪ ನಿನ್ನೆ ಮಾಡಿದ್ದ ಕೆಲಸಗಳೇ; ಓದುವಾಗಲೂ ಅವನ ನಗು ನಿಂತಿರಲಿಲ್ಲ. ಆರರ ನಂತರ ಗಂಗುಲಪ್ಪ ಏಳನೆಯ ಸಾಲು ಹಾರಿಸಿದ. ಎಂಟನೆಯ ಸಾಲನ್ನು ಏಳು ಎಂದು ಓದಿದ. ಒಂಬತ್ತನ್ನು ಎಂಟು ಎಂದ.

"ಅಷ್ಟೇನಾ?"

"ಅಷ್ಟೇ."

"ಅಂದ್ರೆ ನಲ್ಲಪ್ಪ ಬಿಟ್ಟಿದ್ದು ಒಂದೂ ಇಲ್ಲ." ವೆಂಕಟರವಣಪ್ಪ ಎದ್ದು ಗಂಗುಲಪ್ಪನ ಭುಜ ತಟ್ಟಿದ. "ನಡಿ, ಚಿಂತಾಮಣಿಗೆ. ಅವನಿಗೆ ನಾನೇ ಹೇಳ್ಬೇಕು."

"ನಾಳೆ ಹೋಗಣ ಯಜಮಾನ್ರೆ. ನಾನೇ ಹೇಳಿ ಬರ್ತೀನಿ ಬೇಕಾದ್ರೆ."

"ನೀನು ಹೇಳಿದ್ರೆ ಏನು ಚೆನ್ನಾಗಿರುತ್ತೆ? ಗಾಡಿ ತೆಗಿ."

ಸಂಜೆ ಐದಕ್ಕೆ ಕಾರು ತಗಡಿನ ಶೆಡ್ಡಿನ ಮುಂದೆ ನಿಂತಿತು. ನಲ್ಲಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನಿನ್ನೆ ಹೋದ ಗಾಡಿ ಇವತ್ತೇ ಬಂದಿತಲ್ಲ ಎಂದು ಅವನ ಹುಬ್ಬು ಗಂಟಿಕ್ಕಿತ್ತು. ವೆಂಕಟರವಣಪ್ಪ ಇಳಿಯುವ ಮೊದಲೇ ಶುರು ಮಾಡಿದ. ಗೂಡು ಪಾಲು ಮಾಡುವುದರಿಂದ ಹಿಡಿದು ಜೇನುತುಪ್ಪದವರೆಗೆ, ಚನ್ನಕೇಶವನ ಟೈ ಸಮೇತ, ಒಂದೂ ಬಿಡದೆ ಹೇಳಿದ. "ನೀನು ಹಾಕಿದ ಎಣ್ಣೆ ಕಪ್ಪಂತೆ ಕಣಯ್ಯ! ಗೆದ್ದೆ ನೀನು!"

ನಲ್ಲಪ್ಪ ನಗಲಿಲ್ಲ. ಗಂಗುಲಪ್ಪನ ಕಡೆ ತಿರುಗಿದ.

"ನಿನ್ನೇನೇ ಗೊತ್ತಿತ್ತಾ ನಿನಗೆ?"

"ಹೂಂ ಅಣ್ಣ."

"ಟೀ ಕುಡಿಯೋವಾಗ್ಲೂ?"

ಗಂಗುಲಪ್ಪ ತಲೆ ಆಡಿಸಿದ. ನಲ್ಲಪ್ಪ ಮತ್ತೇನೂ ಕೇಳದೆ ಗೋಣಿಚೀಲ ಎಳೆದು ಕಾರಿನ ಕೆಳಗೆ ಜಾರಿದ. ಕಂಪನಿಯವರು ಏನು ಮಾಡಿದ್ದಾರೆ ನೋಡದೆ ಇರಲು ಅವನಿಂದ ಆಗುತ್ತಿರಲಿಲ್ಲ. ಮುಂದಿನಿಂದ ಹಿಂದಕ್ಕೆ ಅವನ ಕಾಲುಗಳು ಸರಿದವು. ಹಿಂದಿನ ಎಡಚಕ್ರದ ಹತ್ತಿರ ನಿಂತವು. ಗಂಗುಲಪ್ಪನಿಗೆ ಆ ಕಾಲುಗಳನ್ನು ಹಿಡಿದು ಈಚೆಗೆ ಎಳೆದುಬಿಡೋಣ ಅನ್ನಿಸಿತು. ಬೆರಳುಗಳು ನಿಜವಾಗಿಯೂ ಮಡಚಿಕೊಂಡವು.

ನಲ್ಲಪ್ಪ ಎದ್ದು ಬಂದ. "ಹಿಂದಗಡೆ ಎಡಗಾಲಿ ಬ್ರೇಕ್ ಬಿಚ್ಚಿದಾರೆ. ಒಳಗಡೆ ರಬ್ಬರ್ ಬದಲಾಯ್ಸಿರ್ತಾರೆ."

"ಹಂಗೇನೂ ಬರ್ದಿಲ್ವಲ್ಲ?" ಎಂದ ವೆಂಕಟರವಣಪ್ಪ.

"ಬರ್ದಿರ್ತಾರೆ. ಕಂಪನಿಯವ್ರು ಪುಕ್ಕಟೆ ಹಾಕೋರಲ್ಲ. ನಿನ್ನೆ ಆ ಡ್ರಮ್ ಕಚ್ಕೊಂಡಿತ್ತು, ನಾಲ್ಕೇಟು ಹಾಕ್ದೆ, ಬರ್ಲಿಲ್ಲ. ಹೊತ್ತಾಯ್ತು ಅಂತ ಬಿಟ್ಟೆ. ಅದು ಸೋರ್ತಿದ್ರೆ ತಪ್ಪು ನಂದೇ. ಅವರು ಮಾಡಿರೋದು ಸರಿಯಾಗೈತೆ."

ವೆಂಕಟರವಣಪ್ಪ ಕೈ ಚಾಚಿದ. ಗಂಗುಲಪ್ಪ ಜೇಬಿನಿಂದ ಹಾಳೆ ತೆಗೆದು ಕೊಟ್ಟ. ಇಂಗ್ಲಿಷ್ ಬಾರದಿದ್ದರೂ ಅಂಕಿಗೆ ಭಾಷೆ ಬೇಕಿರಲಿಲ್ಲ. ಯಜಮಾನನ ಉಗುರು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಇಳಿಯಿತು.

"ಒಂಬತ್ತು."

ವೆಂಕಟರವಣಪ್ಪ ಹಾಳೆ ಮಡಚಿ ಗಂಗುಲಪ್ಪನ ಕಡೆ ತಿರುಗಿದ.

"ನೀನು ಎಂಟು ಓದಿದೆ."

"ಹೂಂ ಯಜಮಾನ್ರೆ."

"ಕೀ ಕೊಡು."

ಗಂಗುಲಪ್ಪ ಕೊಟ್ಟ. ಕೊಟ್ಟ ಮೇಲೆ ಬೆಳಿಗ್ಗೆಯಿಂದ ನಿಲ್ಲದ ಅವನ ಕಾಲು ನಿಂತಿತು. ಕೈಗಳನ್ನು ಎಲ್ಲಿಡಬೇಕೋ ಮಾತ್ರ ತಿಳಿಯಲಿಲ್ಲ. ವೆಂಕಟರವಣಪ್ಪ ಅವನಿಗೆ ಬೆನ್ನು ಹಾಕಿ, ಅದೇ ಬೀಗದ ಕೈಯನ್ನು ನಲ್ಲಪ್ಪನ ಮುಂದೆ ಹಿಡಿದ.

"ಇದು ನಿನ್ನ ಹತ್ರ ಇರ್ಲಿ. ಇವನಿಗೆ ಕೊಡ್ತಿದ್ದ ಸಂಬಳ ನಿನಗೆ, ಸರ್ವೀಸಿನ ದುಡ್ಡು ಬೇರೆ. ನಮ್ಮ ನೆಂಟರವು ಮೂರು ಕಾರಿವೆ, ಅವೂ ನಿನ್ನ ಹತ್ರಾನೇ ಬರ್ತವೆ. ತನ್ನ ತಪ್ಪು ತಾನೇ ಹೇಳೋ ಮನುಷ್ಯನ್ನ ನಾನು ಮಾರ್ಕೆಟ್ಟಲ್ಲಿ ನೋಡೇ ಇಲ್ಲ. ಹಿಡಿ."

ನಲ್ಲಪ್ಪ ಬೀಗದ ಕೈ ಕಡೆ ನೋಡಲಿಲ್ಲ, ಗಂಗುಲಪ್ಪನ ಕಡೆಯೂ ನೋಡಲಿಲ್ಲ. ಬಗ್ಗಿ ಗೋಣಿಚೀಲ ಎತ್ತಿ ಒಂದು ಸಲ ಕೊಡವಿದ.

"ಬೇಡ."

"ಇನ್ನೂರು ಜಾಸ್ತಿ ಮಾಡ್ತೀನಿ ಕಣಯ್ಯ."

"ಬೇಡ ಅಂದೆ. ತೂಗಿ ನೋಡೋಕೆ ನಾವು ನೂಲಲ್ಲ. ನಿಮ್ಮ ಕಾರೂ ಬೇಡ. ಆಚೆ ತಗೊಂಡ್ ಹೋಗಿ, ದಾರೀಗೆ ಅಡ್ಡ ಐತೆ."