ಆರ್ವಿಲ್ ಟೀಗ್‌ನ ಪಿಸುಮಾತು

ಆರ್ವಿಲ್ ಟೀಗ್ ಪಿಸುಗುಟ್ಟಿದರೆ ಮೂರು ಸಾಲು ಆಚೆ ಕೂತವರಿಗೂ ಕೇಳಿಸುತ್ತಿತ್ತು. ನದಿಯಂಚಿನ ಬಾಯ್ಲರ್ ಕಾರ್ಖಾನೆಯ ಗದ್ದಲದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನಿಗೆ ಕಿವಿ ಮಂದವಾಗಿತ್ತು. ತನ್ನ ದನಿ ತನಗೆ ಕೇಳಿಸುವಷ್ಟು ಎತ್ತಿದರೆ ಅದೇ ಗುಟ್ಟಿನ ದನಿಯೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಬಲಗಾಲನ್ನು ತುಸು ಎಳೆಯುತ್ತ, ಆಗಸ್ಟಿನ ಬೇಗೆಯಲ್ಲೂ ಕಂದು ಉಣ್ಣೆಯ ಕೋಟು ತೊಟ್ಟು, ಅದರ ಎರಡೂ ಜೇಬುಗಳಲ್ಲಿ ಹುರಿದ ಕಡಲೆಕಾಯಿ ತುಂಬಿಕೊಂಡು ಅವನು ಮೈದಾನದ ಮೆಟ್ಟಿಲೇರುವುದನ್ನು ಕಂಡೊಡನೆ ನಮ್ಮ ಹಿಂದಿನ ಸಾಲಿನ ಕ್ಷೌರಿಕ ಗಸ್ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ:

"ದಾರಿ ಬಿಡ್ರಪ್ಪಾ, ಗೆಲ್ಲೋರ ಕಡೆಯವನು ಬಂದ."

"ಇವತ್ತು ನೋಡ್ತಾ ಇರು ಗಸ್," ಎನ್ನುವನು ಆರ್ವಿಲ್. ನಿನ್ನೆಯೂ ಅದನ್ನೇ ಅಂದಿದ್ದ.

ನಮ್ಮೂರಿನ ಹೆರಾನ್ಸ್ ಬೇಸ್‌ಬಾಲ್ ತಂಡಕ್ಕೆ ಆ ವರ್ಷ ಶನಿ ಹೆಗಲೇರಿತ್ತು. ಏಪ್ರಿಲ್‌ನಲ್ಲಿ ಸೋಲಲು ತೊಡಗಿದವರು ಜೂನ್ ಹೊತ್ತಿಗೆ ಆ ವಿದ್ಯೆಯಲ್ಲಿ ಎಂಥ ಪಾರಂಗತರಾದರೆಂದರೆ, ಊರಿನ ಪತ್ರಿಕೆ ಅವರ ಸುದ್ದಿಯನ್ನು ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತಿನ ಕೆಳಗೆ ಹಾಕತೊಡಗಿತು. ಬರುವವರು ದಿನೇದಿನೇ ಕಡಿಮೆಯಾದರು. ಆರ್ವಿಲ್ ಮಾತ್ರ ಒಂದು ಆಟವನ್ನೂ ತಪ್ಪಿಸಲಿಲ್ಲ, ಕೊನೆಯ ಆಟಗಾರ ಔಟಾಗುವ ಮುನ್ನ ಒಮ್ಮೆಯೂ ಎದ್ದು ಹೋಗಲಿಲ್ಲ. ಮತ್ತು ಆ ವರ್ಷ ಅವನ ತೋಳು ಹಿಡಿದುಕೊಂಡು ಅವನ ಹೆಂಡತಿ ವರ್ನಾ ಬರುತ್ತಿದ್ದಳು.

ಮೊದಲೆಲ್ಲ ಆಕೆಗೆ ಈ ಆಟವೆಂದರೆ ಅಷ್ಟಕ್ಕಷ್ಟೇ. "ದೊಡ್ಡ ಗಂಡಸ್ರು ದೊಣ್ಣೆ ಹಿಡ್ಕೊಂಡು ಉಗೀತಾ ನಿಲ್ಲೋದು, ಅದನ್ನ ನೋಡೋಕೆ ದುಡ್ಡು ಬೇರೆ," ಎಂದು ಮೂಗು ಮುರಿಯುತ್ತಿದ್ದವಳು. ಆದರೆ ಹಿಂದಿನ ಚಳಿಗಾಲದಲ್ಲಿ ಕಣ್ಣು ಪೂರ್ತಿ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಇರುವುದಕ್ಕೆ ಹೆದರಿದಳು, ಗಂಡನ ಜೊತೆ ಹೊರಟಳು. ಆರ್ವಿಲ್ ಪ್ರತಿ ಚೆಂಡನ್ನೂ ಆಕೆಯ ಕಿವಿಯಲ್ಲಿ ವರ್ಣಿಸುತ್ತಿದ್ದ. ಪಕ್ಕದ ಆಸನದ ನಾನೂ, ವಿಧಿಯಿಲ್ಲದೆ ಆ ಇಡೀ ಸಾಲೂ, ಅದನ್ನು ಕೇಳುತ್ತಿದ್ದೆವು. ಆ ವರ್ಣನೆಗೂ ನಮ್ಮೆದುರಿನ ಆಟಕ್ಕೂ ಸಂಬಂಧ ಅಷ್ಟಾಗಿ ಇರಲಿಲ್ಲ. ಕೈಗೆ ಬಂದ ಚೆಂಡನ್ನು ನಮ್ಮವನು ಕೆಳಗೆ ಬಿಟ್ಟರೆ "ಪಾಪ, ಸೂರ್ಯ ಕಣ್ಣಿಗೆ ಹೊಡೆದ" ಎನ್ನುವನು, ಆಕಾಶದಲ್ಲಿ ಮೋಡ ಕವಿದಿರುತ್ತಿತ್ತು. ಮೂರು ಸಲ ಬೀಸಿ ಮೂರು ಸಲವೂ ಗಾಳಿಗೆ ಹೊಡೆದವನು "ಕೂದಲೆಳೆಯಲ್ಲಿ ತಪ್ಪೋಯ್ತು ವರ್ನಾ, ಸಿಕ್ಕಿದ್ರೆ ನದಿ ದಾಟ್ತಿತ್ತು" ಎಂಬಂತಾಗುತ್ತಿದ್ದ. ವರ್ನಾ ಕಡಲೆಕಾಯಿ ಸುಲಿಯುತ್ತ ನಗುತ್ತಿದ್ದಳು. ಕಣ್ಣು ಹೋದ ಮೇಲೆ ಆಕೆ ನಕ್ಕಿದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಬೇಸ್‌ಬಾಲ್ ನೋಡುವ ನಮ್ಮವರಲ್ಲೊಂದು ಕಟ್ಟುಪಾಡಿದೆ. ಚೆಂಡೆಸೆಯುವ ಪಿಚರ್ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೂಡ, ಅಂದರೆ ಹೊಡೆದು ಓಡಲಾಗುವಂಥ ಒಂದು ಹೊಡೆತವನ್ನೂ, ಕೊಡದೆ ಆಟವನ್ನು ಕೊನೆಯವರೆಗೆ ಒಯ್ಯುತ್ತಿದ್ದರೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಕೂಡದು. ತೊಟ್ಟಿಲ ಮಗುವನ್ನು ದುಂಡಗಿದೆ ಎನ್ನಬಾರದಲ್ಲ, ಹಾಗೆ; ಹೇಳಿದರೆ ದೃಷ್ಟಿಯಾಗುತ್ತದೆ. ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ, ಆ ದರಿದ್ರ ಆಟದ ಋತುವಿನ ನಡುವೆ, ಹೊಸದಾಗಿ ಬಂದ ಪೆಟ್ರಿ ಎಂಬ ಪಿಚರ್ ಎಂಟು ಇನ್ನಿಂಗ್ಸ್ ಹಾಗೆ ಎಸೆದಿದ್ದ. ನಮಗೆ ಒಂದು ರನ್ನಿನ ಮುನ್ನಡೆ. ಇನ್ನೊಂದು ಇನ್ನಿಂಗ್ಸ್ ದಾಟಿದರೆ ಆ ವರ್ಷದ ಅವಮಾನವೆಲ್ಲ ತೊಳೆದುಹೋಗುತ್ತಿತ್ತು. ಒಂಬತ್ತನೆಯದಕ್ಕೆ ಪೆಟ್ರಿ ಬಂದು ನಿಂತಾಗ ಇಡೀ ಮೈದಾನ ಉಸಿರು ಬಿಗಿಹಿಡಿಯಿತು.

ಆರ್ವಿಲ್‌ನ ವರ್ಣನೆಯೂ ನಿಂತಿತು. ಸದ್ದೇ ಬೆಳಕಾಗಿದ್ದ ವರ್ನಾಳಿಗೆ ಆ ಮೌನ ಹೇಗಿತ್ತೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಆಕೆ ಗಂಡನ ಕೋಟನ್ನು ಹಿಡಿದು ಜಗ್ಗಿದಳು.

"ಏನಾಯ್ತು ಆರ್ವಿಲ್? ಯಾಕೆ ಎಲ್ರೂ ಸುಮ್ನಾದ್ರು? ಯಾರಿಗಾದ್ರೂ ಪೆಟ್ಟಾಯ್ತಾ?"

ಅವನು ಆಕೆಯ ಕೈ ಅದುಮಿದ. ಆಕೆ ಬಿಡಲಿಲ್ಲ. "ಇದೀಯಾ ನೀನು? ಮಾತಾಡೋ."

ಹಿಂದಿನಿಂದ ಗಸ್ ಹಲ್ಲು ಕಚ್ಚಿ ಹೇಳಿದ: "ಆರ್ವಿಲ್, ಬೇಡ ಕಣೋ."

ಆರ್ವಿಲ್ ಒಮ್ಮೆ ಮೈದಾನವನ್ನು ನೋಡಿದ, ಒಮ್ಮೆ ಹೆಂಡತಿಯ ಮುಖವನ್ನು ನೋಡಿದ. ಆಮೇಲೆ ಬಗ್ಗಿ ಆಕೆಯ ಕಿವಿಯಲ್ಲಿ, ಅವನ ಲೆಕ್ಕದಲ್ಲಿ ಬಲು ಮೆಲ್ಲಗೆ, ಹೇಳಿದ: "ಹೆದರಬೇಡ ಚಿನ್ನ. ನಮ್ಮ ಹುಡುಗ ಇವತ್ತು ಒಂದೂ ಹಿಟ್ ಕೊಟ್ಟಿಲ್ಲ."

ಮೂರು ಸಾಲು ತಿರುಗಿ ನೋಡಿತು. ಮುಂದಿನ ಚೆಂಡಿಗೇ ಹಿಟ್ ಬಿತ್ತು. ಅದರ ಮುಂದಿನವನು ಚೆಂಡನ್ನು ಬೇಲಿಯಾಚೆ ಅಟ್ಟಿದ, ಇಬ್ಬರೂ ಓಡಿ ಎರಡು ರನ್ ಗಳಿಸಿದರು. ನಾವು ಒಂದು ರನ್ನಿನಿಂದ ಸೋತೆವು.

"ವರ್ಷವೆಲ್ಲಾ ಕಾದು ಒಂದು ಒಳ್ಳೇದು ಬಂದಿತ್ತು," ಎಂದ ಗಸ್, "ಅದನ್ನೂ ನಿನ್ನ ಬಾಯಿ ನುಂಗ್ತು." ಅವನು ಕೂಗಾಡಲಿಲ್ಲ; ಆದ್ದರಿಂದಲೇ ಅದು ವರ್ನಾಳಿಗೆ ಚೆನ್ನಾಗಿ ನಾಟಿತು.

ಆಕೆ ಮತ್ತೆ ಬರಲಿಲ್ಲ. ಕರೆದು ತರೋಣವೆಂದು ಒಂದು ದಿನ ನಾನೇ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲಿನ ರೇಡಿಯೋದಲ್ಲಿ ಆಟ ಬರುತ್ತಿತ್ತು, ಎಂದಿನಂತೆ ನಾವು ಸೋಲುತ್ತಿದ್ದೆವು.

"ನಾನು ಬಾಯ್ಮುಚ್ಕೊಂಡು ಕೂತಿದ್ರೆ ಆಗ್ತಿತ್ತು," ಎಂದಳು. "ಈಗ ನಾನು ಬಂದ್ರೆ ಅವರೆಲ್ಲ ಅವನನ್ನೇ ಆಡ್ಕೋತಾರೆ." ಸ್ವಲ್ಪ ಹೊತ್ತು ರೇಡಿಯೋ ಆಲಿಸಿ ತಲೆಯಾಡಿಸಿದಳು. "ಈ ಮನುಷ್ಯನಿಗೆ ಆಟ ಹೇಳೋಕೇ ಬರಲ್ಲ. ಬರೀ ನಡೆದದ್ದನ್ನ ಹೇಳ್ತಾನೆ."

ಆರ್ವಿಲ್ ಮಾತ್ರ ಬರುತ್ತಿದ್ದ. ಪಕ್ಕದ ಖಾಲಿ ಕುರ್ಚಿಯ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ, ಬಾಯಿ ತೆರೆಯುತ್ತಲೂ ಇರಲಿಲ್ಲ. ಆ ಸಾಲಿನಲ್ಲಿ ಕೂತು ಸೋಲನ್ನು ಸೋಲಾಗಿಯೇ ನೋಡುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತಾದದ್ದು ಆಗ. ಗಸ್ ಕೂಡ ಅವನನ್ನು ಮಾತಿಗೆಳೆಯಲು ಏನೇನೋ ಹವಣಿಸಿದ. ಋತುವಿನ ಕೊನೆಯ ದಿನ ಎಲ್ಲರೂ ಎದ್ದು ಹೋದ ಮೇಲೆ ಆರ್ವಿಲ್ ನನ್ನ ಕಡೆ ತಿರುಗಿದ.

"ಬರೋ ವರ್ಷ ಬರ್ತಾಳೆ, ಅಲ್ವಾ?"

ತಂಡ ಗೆಲ್ಲುತ್ತದೆಯೇ ಎಂದು ಅವನು ಯಾರನ್ನೂ ಹಾಗೆ ಕೇಳಿದವನಲ್ಲ. "ಬರ್ತಾಳೆ ಕಣಯ್ಯ," ಎಂದೆ. ಮಾರ್ಚ್‌ನಲ್ಲಿ, ಹಿಮ ಇನ್ನೂ ಕರಗದಿದ್ದಾಗ, ವರ್ನಾಳನ್ನು ಮಣ್ಣು ಮಾಡಿದೆವು.

ಸೋಲುವವರ ಮೇಲೆ ಭರವಸೆ ಇಡುವವರನ್ನು ನಾವು ಭೋಳೆಗಳೆಂದು ಲೇವಡಿ ಮಾಡುತ್ತೇವೆ. ಕಣ್ಣೆದುರಿನ ಸೋಲು ಅವರಿಗೂ ನಮ್ಮಷ್ಟೇ ನಿಚ್ಚಳವಾಗಿ ಕಾಣುತ್ತದೆ. ಆದರೆ ಅವರ ಮಗ್ಗುಲಲ್ಲಿ ಕತ್ತಲಲ್ಲಿ ಕೂತವರೊಬ್ಬರು ಇರುತ್ತಾರೆ, ಅವರಿಗಾಗಿ ಇವರು ಜಗತ್ತನ್ನು ತುಸು ತಿದ್ದಿ ಓದುತ್ತಾರೆ. ಇವರು ಹೇಳುವ ಸುಳ್ಳುಗಳ ತಂಪಿನಲ್ಲಿ ವರ್ಷಗಟ್ಟಲೆ ಕೂತು ಬೆವರಾರಿಸಿಕೊಳ್ಳುವ ನಾವು, ಅಂಥವರು ಜನ್ಮದಲ್ಲೊಮ್ಮೆ ಪ್ರೀತಿಯಿಂದ ನಿಜ ಹೇಳಿಬಿಟ್ಟರೆ ಅದನ್ನು ಮಾತ್ರ ಕ್ಷಮಿಸುವುದಿಲ್ಲ.